ರೆಕ್ಸಿನ್ ಆಸನಗಳ ಆರೈಕೆ

ಕಾರಿನ ಆಸನಗಳಿಗೆ ಹೊದಿಸುವ ಕೃತಕ ಚರ್ಮವನ್ನು ನಾವು ರೆಕ್ಸಿನ್ ಎನ್ನುತ್ತೇವೆ. ಇದು ಮೂಲತಃ ಇಂಗ್ಲೆಂಡಿನ ಹೈಡ್ ಪಟ್ಟಣದ ಕಂಪನಿಯೊಂದರ ವ್ಯಾಪಾರನಾಮ. ಅಂದಿನ ಲೇಪ ನೈಟ್ರೋಸೆಲ್ಯುಲೋಸ್; ಇಂದಿನದು ಬಟ್ಟೆಯ ಮೇಲೆ ಹಚ್ಚಿದ ಪಿ.ವಿ.ಸಿ. ಅಥವಾ ಪಾಲಿಯುರೆಥೇನ್. ಅದು ಚರ್ಮವಲ್ಲವೆಂದು ಅರಿತರೆ ಆರೈಕೆಯ ಅರ್ಧ ಪಾಠ ಮುಗಿದಂತೆ.

ಚರ್ಮವು ಎಣ್ಣೆಯನ್ನು ಹೀರಿ ಮೆದುವಾಗುತ್ತದೆ, ರೆಕ್ಸಿನ್ ಹೀರುವುದಿಲ್ಲ. ಎಣ್ಣೆ ಮೇಲೆಯೇ ನಿಂತು ಧೂಳನ್ನು ಹಿಡಿಯುತ್ತದೆ. ಆ ಧೂಳಿನ ಕಣಗಳೇ, ಜನ ಹತ್ತಿ ಇಳಿಯುವಾಗ, ಉಪ್ಪುಕಾಗದದಂತೆ ಮೇಲ್ಪದರವನ್ನು ತರಚುತ್ತವೆ.

ಗುರುತುಗಳಲ್ಲಿ ಎರಡು ಬಗೆ. ಬೂಟಿನ ರಬ್ಬರು ಅಂಟಿದ ಕರಿ ಗೆರೆ ಹೊರಗಿನದು; ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒಡನೆಯೇ ಒರಸಿದರೆ ಬಹುಮಟ್ಟಿಗೆ ಹೋಗುತ್ತದೆ. ಲೇಪವೇ ಕಿತ್ತುಹೋದ ತರಚು ಯಾವ ಸಾಬೂನಿಗೂ ಹೋಗದು. ಥಿನ್ನರು ಹಚ್ಚಿದರೆ ಕಲೆಯೊಡನೆ ಲೇಪವೂ ಹಾಳು. ಬಿಸಿಲಿನ ತಾಪಕ್ಕೆ ಪಿ.ವಿ.ಸಿ.ಯನ್ನು ಮೆದುವಾಗಿಡುವ ದ್ರವ್ಯ ಮೆಲ್ಲಗೆ ಹೊರಬಿದ್ದು, ಹಾಳೆ ಬಿರುಸಾಗಿ ಬಿರಿಯುತ್ತದೆ. ಆದುದರಿಂದ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು ಮೇಲು.

ನಮ್ಮ ತಂದೆಯವರು ಬಾಡಿಗೆ ಕಾರು ಓಡಿಸಿ ನನ್ನನ್ನು ಬಿ.ಎ. ತರಗತಿಯವರೆಗೆ ಓದಿಸಿದವರು. ಅವರು ಶಾಲೆ ಕಂಡವರಲ್ಲ. ಆದರೂ ದಿನವೂ ಸಂಜೆ ಮೊದಲು ಧೂಳು ಕೊಡವಿ, ಆಮೇಲೆಯೇ ಒದ್ದೆ ಬಟ್ಟೆ ಹಿಡಿಯುತ್ತಾರೆ. ಆಸನ ಹರಿದರೆ ಗಿರಾಕಿ ಮತ್ತೊಮ್ಮೆ ಕರೆಯುವುದಿಲ್ಲ. ಹೊಸ ಹೊದಿಕೆ ಹಾಕಿಸುವ ಹಣ ನನ್ನ ಫೀಸಿನಿಂದಲೇ ಹೋಗಬೇಕು. ಸಹಪಾಠಿಗಳೇ, ಬಾಡಿಗೆ ಕಾರು ಹತ್ತುವಾಗ ಪೆಟ್ಟಿಗೆಯನ್ನು ಆಸನದ ಮೇಲೆ ಎಳೆಯಬೇಡಿರಿ, ಎತ್ತಿ ಇಡಿರಿ.