ಉಂಗುರ ಕಟ್ಟಿಕೊಂಡ ಸಲ್ಫಾ

ಮುಂಬಯಿಯ ಪರೇಲಿನಲ್ಲಿ, ಹಿಂದೆ ಗವರ್ನರರ ನಿವಾಸವಾಗಿದ್ದ ಸೌಧದಲ್ಲಿ, 1899ರಲ್ಲಿ ಪ್ಲೇಗ್ ಸಂಶೋಧನಾಲಯ ನೆಲೆಗೊಂಡಿತು. 1925ರಿಂದ ಅದು ಹಾಫ್ಕಿನ್ ಸಂಸ್ಥೆ. ಪ್ಲೇಗಿಗೆ ಲಸಿಕೆ ಸಿದ್ಧವಾಗಿತ್ತು. ರೋಗ ತಗಲಿದವನನ್ನು ಉಳಿಸಬಲ್ಲ, ಭರವಸೆಯಿಡಬಹುದಾದ ಮದ್ದು ಇರಲಿಲ್ಲ. ಸಾಹಿಬ್ ಸಿಂಗ್ ಸೋಖೆಯವರು ನಿರ್ದೇಶಕರಾಗಿದ್ದಾಗ ಸಲ್ಫಾಥಯಜೋಲ್ ಮೊದಲಾದ ಸಲ್ಫಾ ಔಷಧಗಳು ಅಲ್ಲಿ ಪರೀಕ್ಷೆಗೊಳಗಾದವು. 1941ರಲ್ಲಿ ವಾಗ್ಳೆ, ಸೋಖೆ, ದೀಕ್ಷಿತ್, ಗಣಪತಿ ಇವರು ಪ್ಲೇಗಿನ ಔಷಧ ಚಿಕಿತ್ಸೆಯನ್ನು ಕುರಿತು ಬರೆದ ಲೇಖನ ಪ್ರಕಟವಾಯಿತು.

ಗಂಧಕದ ಒಂದು ಪರಮಾಣು, ಅದಕ್ಕೆ ಅಂಟಿದ ಎರಡು ಆಮ್ಲಜನಕ, ಪಕ್ಕದಲ್ಲೊಂದು ಸಾರಜನಕ: ಸಲ್ಫೋನಮೈಡಿನ ಹುರುಳು ಇಷ್ಟೇ. ಪರೇಲಿನ ಔಷಧಗಳಲ್ಲಿ ಈ ಗುಂಪು ಅಣುವಿನ ಮುಖ್ಯ ಚೌಕಟ್ಟಿನ ಹೊರಗೆ, ತಿರುಗಲು ಅವಕಾಶವಿರುವಂತೆ ನಿಂತಿರುತ್ತದೆ. ಗಂಧಕ-ಸಾರಜನಕಗಳೆರಡನ್ನೂ ಒಂದೇ ಉಂಗುರದೊಳಕ್ಕೆ ತಂದರೆ ಚಕ್ರೀಯ ಸಲ್ಫೋನಮೈಡು. ಆಗ ಅಣುವಿನ ಅಂಗಗಳು ನಿಶ್ಚಿತ ದಿಕ್ಕಿಗೆ ಮುಖಮಾಡುತ್ತವೆ. ಬೀಗದ ಕೈಯ ಹಲ್ಲುಗಳು ಅಲುಗಾಡಿದರೆ ಬೀಗ ತೆರೆಯುವುದುಂಟೆ? ಔಷಧ ಶೋಧಕರಿಗೆ ಉಂಗುರದ ಮೇಲೆ ಮೋಹ ಹುಟ್ಟಲು ಇದೊಂದು ಕಾರಣ.

ಆದರೆ ಮೊದಲಿನ ದೊಡ್ಡ ಯಶಸ್ಸು ಯೋಜಿಸಿ ಬಂದುದಲ್ಲ. ಸಲ್ಫಾ ಸೇವಿಸಿದವರ ಮೂತ್ರದಲ್ಲಿ ಕ್ಷಾರ ಹೆಚ್ಚುವುದನ್ನು ವೈದ್ಯರು ಗಮನಿಸಿದ್ದರು; 1949ರಲ್ಲಿ ಹೃದ್ರೋಗಿಗಳ ಬಾವು ಇಳಿಸಲು ಅದನ್ನೇ ಪ್ರಯೋಗಿಸಲಾಯಿತು. ಇದರ ಜಾಡು ಹಿಡಿದ ಅಮೆರಿಕದ ನೊವೆಲ್ಲೊ ಮತ್ತು ಸ್ಪ್ರೇಗ್, ನೆರೆಹೊರೆಯಲ್ಲಿ ಅಮೈನು ಮತ್ತು ಸಲ್ಫೋನಮೈಡು ಇದ್ದ ಅಣುವೊಂದನ್ನು ಫಾರ್ಮಿಕ್ ಆಮ್ಲದೊಡನೆ ಕಾಯಿಸಿದರು. ಆಮ್ಲದ ಇಂಗಾಲ ಎರಡು ಸಾರಜನಕಗಳ ನಡುವೆ ಸರದ ಕೊಂಡಿಯಂತೆ ಕುಳಿತು, ನೀರು ಹೊರಬಿದ್ದು, ಉಂಗುರ ಮುಚ್ಚಿಕೊಂಡಿತು. ಅದು 1957ರಲ್ಲಿ ಪ್ರಕಟವಾದ ಕ್ಲೋರೋಥಯಜೈಡ್. ಅದೇ ಅಣುವಿಗೆ ಫಾರ್ಮಾಲ್ಡಿಹೈಡ್ ಕೂಡಿಸಿದರೆ ಹೈಡ್ರೋಕ್ಲೋರೋಥಯಜೈಡ್. ತೂಕಕ್ಕೆ ತೂಕ ಸುಮಾರು ಹತ್ತು ಪಾಲು ಪ್ರಬಲ. ರಕ್ತದೊತ್ತಡದವರ ಮನೆಗಳಲ್ಲಿ ಇದು ಇಂದಿಗೂ ಪರಿಚಿತ ಗುಳಿಗೆ. ಇದರ ಶೋಧದಲ್ಲಿ ಪಾಲ್ಗೊಂಡ ಸೀಬಾ ಕಂಪನಿಯೇ ಗೋರೆಗಾಂವಿನಲ್ಲಿ ತೆರೆದ ಸಂಶೋಧನ ಕೇಂದ್ರವನ್ನು 1963ರಲ್ಲಿ ನೆಹರೂ ಉದ್ಘಾಟಿಸಿದರು, ಟಿ. ಆರ್. ಗೋವಿಂದಾಚಾರಿಯವರು ಅದರ ನಿರ್ದೇಶಕರಾದರು.

ಇನ್ನೂ ಸೊಗಸಾದುದು ಸ್ಯಾಕರಿನ್ನಿನ ಕಥೆ. 1879ರಲ್ಲಿ ದೊರೆತ ಈ ಸಿಹಿಯೂ ಐದು ಪರಮಾಣುಗಳ ಚಕ್ರೀಯ ಸಲ್ಫೋನಮೈಡೇ. ಅದರ ಸಾರಜನಕಕ್ಕೆ ಎರಡು ಇಂಗಾಲಗಳ ಬಾಲವೊಂದನ್ನು ಜೋಡಿಸಿ ಪ್ರಬಲ ಕ್ಷಾರದಿಂದ ಕೆಣಕಿದರೆ ಉಂಗುರ ಬಿಚ್ಚಿ, ಬಾಲದ ಒಂದು ಇಂಗಾಲವನ್ನು ಒಳಗೆ ಸೇರಿಸಿಕೊಂಡು, ಆರು ಪರಮಾಣುಗಳದಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅನಂತರದ ಕೆಲವು ಹಂತಗಳಲ್ಲಿ ಕೀಲುನೋವಿನ ಪೈರಾಕ್ಸಿಕಾಮ್ ಸಿದ್ಧ. ಮಧುಮೇಹಿಯ ಚಹಾದ ಲೋಟಕ್ಕೂ ಸಂಧಿವಾತದ ಮಾತ್ರೆಗೂ ಇಷ್ಟು ಹತ್ತಿರದ ನೆಂಟಸ್ತನ!

ಸಲ್ಫಾ ಒಗ್ಗದವರು ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆದರೆ ಪ್ಲೇಗಿನ ಸಲ್ಫಾ ಒಗ್ಗದಿದ್ದ ಮಾತ್ರಕ್ಕೆ ಈ ಉಂಗುರದ ಔಷಧಗಳೂ ಒಗ್ಗುವುದಿಲ್ಲವೆಂದು ತಾವೇ ತೀರ್ಮಾನಿಸುವುದು ಸರಿಯಲ್ಲ. ಥಯಜೈಡ್ ಸೇವಿಸುವವರಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಗ್ಗಬಹುದು. ಮುಂಬಯಿಯ ಬೆವರಿನ ಬೇಸಗೆಯಲ್ಲಿ ವೃದ್ಧರಿಗೆ ತಲೆಸುತ್ತು ಬಂದರೆ ರಕ್ತಪರೀಕ್ಷೆ ಮಾಡಿಸುವುದು ಲೇಸು. ಪೈರಾಕ್ಸಿಕಾಮ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 50 ಗಂಟೆ ಬೇಕು. ದಿನಕ್ಕೊಂದೇ ಸಾಕಾಗುವುದು ಅದರಿಂದಲೇ, ಜಠರದಲ್ಲಿ ರಕ್ತಸ್ರಾವವಾದಾಗ ಮಾತ್ರೆ ನಿಲ್ಲಿಸಿದರೂ ಔಷಧ ದಿನಗಟ್ಟಲೆ ಉಳಿಯುವುದೂ ಅದರಿಂದಲೇ.