ಎರಡು ತಲೆ ಹಾವು, ಚಿಪ್ಪುಹಂದಿ, ಕಾಡುಪಾಪ: ವಿಚಿತ್ರವಾಗಿ ಕಂಡದ್ದೆಲ್ಲ ಶಕುನವಾ?

ಬೈಬಲ್ ತೆಗೀರಿ, ಯೋಬನ ಪುಸ್ತಕ 39ನೇ ಅಧ್ಯಾಯ. ಮೊಬೈಲಿನಲ್ಲಿ ಓದೋರು ನೋಟಿಫಿಕೇಶನ್ ಬಂದ್ ಮಾಡ್ಕೊಳ್ರಿ, ಇಲ್ಲಾಂದ್ರೆ ಯೋಬನೂ ಇರೋದಿಲ್ಲ, ನಾನೂ ಇರೋದಿಲ್ಲ.

ಯೋಬ ಮಕ್ಕಳನ್ನ ಕಳಕೊಂಡಿದ್ದಾನೆ. ಮೈತುಂಬ ಹುಣ್ಣು. ನನಗ್ಯಾಕೆ ಹೀಗಾಯ್ತು ಅಂತ ಮೂವತ್ತಕ್ಕೂ ಹೆಚ್ಚು ಅಧ್ಯಾಯ ವಾದ ನಡೆದಿದೆ. ಕೊನೆಗೆ ದೇವರು ಮಾತಾಡ್ತಾನೆ, ಆದರೆ ಕಾರಣ ಹೇಳೋದಿಲ್ಲ, ಪ್ರಾಣಿಗಳನ್ನ ತೋರಿಸ್ತಾನೆ. ಯಾರ ಕೂಗಿಗೂ ಓಗೊಡದ ಕಾಡುಕತ್ತೆ. ನೊಗಕ್ಕೆ ಬಗ್ಗದ ಕಾಡೆತ್ತು. ಆಮೇಲೆ ಉಷ್ಟ್ರಪಕ್ಷಿ, ನಾವು ಆಸ್ಟ್ರಿಚ್ ಅಂತೀವಲ್ಲ ಅದು. ರೆಕ್ಕೆ ಇದೆ, ಹಾರೋದಿಲ್ಲ. ಮೊಟ್ಟೆ ನೆಲದ ಮೇಲೆ ಬಿಟ್ಟು ಹೋಗ್ತದೆ. ಅದಕ್ಕೆ ವಿವೇಕ ಕೊಟ್ಟಿಲ್ಲ ಅನ್ನೋದನ್ನ ದೇವರೇ ಒಪ್ಪಿಕೊಳ್ತಾನೆ, ಓಡಲಿಕ್ಕೆ ನಿಂತರೆ ಕುದುರೆಗೂ ಸಿಗೋದಿಲ್ಲ ಅಂತ ಅಷ್ಟೇ ಖುಷಿಯಿಂದ ಹೇಳ್ತಾನೆ. ಗಮನಿಸಿ: ಯುದ್ಧದ ಕುದುರೆ ಒಂದನ್ನ ಬಿಟ್ಟರೆ ಈ ಪಟ್ಟಿಯಲ್ಲಿ ಮನುಷ್ಯನ ಕೆಲಸಕ್ಕೆ ಬರೋದು ಯಾವುದೂ ಇಲ್ಲ.

ನಮ್ಮಲ್ಲಿ ಎಷ್ಟೋ ಜನ ಆಡೂರು, ಹಾನಗಲ್, ಶಿಗ್ಗಾಂವಿ ಕಡೆಯಿಂದ ಬೆಂಗಳೂರು ಹುಬ್ಬಳ್ಳಿಗೆ ಕೆಲಸಕ್ಕೆ ಬಂದೋರು. ಯೋಬ ನಮ್ಮ ಕಡೆಯವನಾಗಿದ್ರೆ ದೇವರು ಅವನಿಗೆ ಯಾವ ಪ್ರಾಣಿ ತೋರಿಸ್ತಿದ್ದ?

ನವಿಲು ಅಂತೀರಿ. ಸರಿ, ಬಂಕಾಪುರದ ಕೋಟೆಯೊಳಗೆ ನವಿಲುಧಾಮವೇ ಇದೆ. ಅದರ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಒಳಗಿರೋದು ಕಂದು ವರ್ಣದ್ರವ್ಯ, ಗರಿಯ ಸೂಕ್ಷ್ಮ ರಚನೆಗೆ ಬೆಳಕು ಬಿದ್ದಾಗ ನಮಗೆ ನೀಲಿ ಹಸಿರು ಕಾಣ್ತದೆ. ಮಳೆಗಾಲ ಮುಗಿದ ಮೇಲೆ ಆ ಉದ್ದ ಗರಿ ಉದುರಿ, ಮತ್ತೆ ಬೆಳೀತಾವೆ. ಇದಕ್ಕಿಂತ ವಿಚಿತ್ರ ಇನ್ನೇನು ಬೇಕು? ಆದರೂ ನವಿಲನ್ನ ಯಾರೂ ವಿಚಿತ್ರ ಅನ್ನೋದಿಲ್ಲ, ಯಾಕಂದ್ರೆ ಕಣ್ಣಿಗೆ ಚೆಂದ. ಕಣ್ಣಿಗೆ ಚೆಂದ ಅನ್ನಿಸದೇ ಇರೋವು ಇದ್ದಾವಲ್ಲ, ಕಷ್ಟ ಅವಕ್ಕೆ.

ಮಣ್ಣುಮುಕ್ಕ ಹಾವು. ಜನ ಎರಡು ತಲೆ ಹಾವು ಅಂತಾರೆ. ತಲೆ ಇರೋದು ಒಂದೇ. ಬಾಲ ಮೊಂಡಾಗಿ ತಲೆಯ ಹಾಗೇ ಕಾಣ್ತದೆ. ಹೆದರಿದಾಗ ನಿಜವಾದ ತಲೆಯನ್ನ ಸುರುಳಿಯ ಕೆಳಗೆ ಅಡಗಿಸಿ ಬಾಲ ಎತ್ತಿ ತೋರಿಸ್ತದೆ. ಏಟು ಬಿದ್ದರೂ ಬಾಲಕ್ಕೆ ಬೀಳಲಿ, ಜೀವ ಉಳೀಲಿ ಅಂತ. ವಿಷ ಇಲ್ಲ. ಮೊಟ್ಟೆ ಇಡೋದಿಲ್ಲ, ಮರಿ ಹಾಕ್ತದೆ. ಸಡಿಲ ಮಣ್ಣಿನಲ್ಲಿ ಹೂತುಕೊಂಡು ಇಲಿ ಹಿಡೀತದೆ, ಅಂದ್ರೆ ರೈತನ ಕೆಲಸವನ್ನೇ ಮಾಡ್ತದೆ. ಈ ಬಡ ಹಾವನ್ನ ಮನೆಯಲ್ಲಿಟ್ಟರೆ ಐಶ್ವರ್ಯ ಬರ್ತದೆ, ನಿಧಿ ತೋರಿಸ್ತದೆ ಅಂತ ಸುದ್ದಿ ಹಬ್ಬಿಸಿ, ತೂಕ ಹಾಕಿ ಲಕ್ಷಗಟ್ಟಲೆ ರೇಟು ಹೇಳ್ತಾರೆ. ಗಿರಾಕಿ ನಂಬಲಿ ಅಂತ ಬಾಲಕ್ಕೆ ಸುಟ್ಟು, ಚುಚ್ಚಿ ಕಣ್ಣು ಬಾಯಿ ಮಾಡೋರೂ ಇದ್ದಾರೆ. ಜೀವ ಉಳಿಸಲಿಕ್ಕೆ ಕೊಟ್ಟ ಗುರುತೇ ಅದರ ಜೀವಕ್ಕೆ ಮುಳುವಾಯ್ತು.

ಚಿಪ್ಪುಹಂದಿಯ ಕಥೆಯೂ ಇದೇ. ಹೆಸರಿಗೆ ಹಂದಿ, ಹಂದಿಗೂ ಅದಕ್ಕೂ ಸಂಬಂಧ ಇಲ್ಲ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಾಲಿಗೆಯ ಬುಡ ಗಂಟಲಲ್ಲಿ ನಿಲ್ಲದೆ ಎದೆಗೂಡಿನ ಆಳಕ್ಕೆ ಹೋಗ್ತದೆ. ಆ ಉದ್ದ ನಾಲಿಗೆಯಿಂದ ಹುತ್ತದೊಳಗಿನ ಗೆದ್ದಲು, ಇರುವೆ ನೆಕ್ಕಿ ತಿಂತದೆ. ತಾಯಿ ಮರಿಯನ್ನ ಬಾಲದ ಬುಡದ ಮೇಲೆ ಕೂರಿಸಿಕೊಂಡು ಓಡಾಡ್ತದೆ. ಅಪಾಯ ಬಂದ್ರೆ ಚೆಂಡಿನ ಹಾಗೆ ಸುತ್ತಿಕೊಳ್ತದೆ, ಚಿರತೆಗೂ ಬಿಡಿಸೋದು ಸುಲಭವಲ್ಲ. ಆದರೆ ಮನುಷ್ಯ ಬಂದ್ರೆ? ಸುತ್ತಿಕೊಂಡದ್ದನ್ನ ಎತ್ತಿ ಚೀಲಕ್ಕೆ ಹಾಕ್ತಾನೆ, ಅಷ್ಟೇ. ಅದರ ಚಿಪ್ಪು ಔಷಧ ಅಂತ ದೇಶ ದಾಟಿ ಹೋಗ್ತದೆ. ಆ ಚಿಪ್ಪು ಕೆರಾಟಿನ್, ನಿಮ್ಮ ಉಗುರಿನಲ್ಲಿ ಇರೋದೇ. ಲೋಕದಲ್ಲಿ ಇರೋ 8 ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಿಕ್ಕೆ 2016ರಲ್ಲಿ ದೇಶಗಳು ಒಟ್ಟಾಗಿ ತೀರ್ಮಾನಿಸಬೇಕಾಯ್ತು.

ಕಾಡುಪಾಪ ನೋಡಬೇಕಂದ್ರೆ ದೂರ ಹೋಗೋದು ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೇ ಇದ್ದಾವೆ. ಸುಮಾರು ಕಾಲು ಕೆಜಿ ತೂಕ, ಕಡ್ಡಿಯಂಥ ಕೈಕಾಲು, ಮುಖದ ಅರ್ಧ ಕಣ್ಣೇ. ರಾತ್ರಿ ಹುಳ ಹಿಡಿಯಲಿಕ್ಕೆ ಆ ಕಣ್ಣು ಬೇಕು. ಮಾಟಮಂತ್ರ ಮಾಡೋರಿಗೆ ಬೇಕಾದದ್ದೂ ಅದೇ ಕಣ್ಣು.

ಈಗ ನಿಮ್ಮ ಮಾತಿಗೆ ಬರ್ತೀನಿ. ಹಾವಿನ ಫೋಟೋ, ಒಂದು ನಂಬರು, ಪಾರ್ಟಿ ತೋರಿಸಿದ್ರೆ ಕಮಿಷನ್ ಅಂತ ವಾಟ್ಸಾಪ್‌ನಲ್ಲಿ ಬರ್ತದೆ. ನಮ್ಮ ಹುಡುಗರು ಏನಂತಾರೆ ಗೊತ್ತಾ? "ಬ್ರದರ್, ನಾವು ಅದನ್ನೆಲ್ಲ ನಂಬೋದಿಲ್ಲ. ನಂಬೋರಿಗೆ ತಲುಪಿಸ್ತೀವಿ ಅಷ್ಟೇ. ಇಎಂಐ ಇದೆ, ಊರಲ್ಲಿ ಸಾಲ ಇದೆ." ಸಾಲ ಇರೋದು ನಿಜ, ಅದನ್ನ ನಾನು ಹಗುರ ಮಾಡೋದಿಲ್ಲ. ಆದರೆ ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆಗೀರಿ. ಎಫೆಸದಲ್ಲಿ ಮಾಟ ಮಾಡ್ತಿದ್ದೋರು ಕರ್ತನನ್ನ ನಂಬಿದ ಮೇಲೆ ತಮ್ಮ ಪುಸ್ತಕಗಳನ್ನ ತಂದು ಸುಟ್ಟರು. ಬೆಲೆ ಲೆಕ್ಕ ಹಾಕಿದ್ರೆ 50,000 ಬೆಳ್ಳಿ ನಾಣ್ಯ. ಆ ಊರಲ್ಲಿ ಅದಕ್ಕೆ ಗಿರಾಕಿಗಳು ಇರಲಿಲ್ಲವಾ? ಬೇಕಾದಷ್ಟಿದ್ರು. ನಾವು ನಂಬೋದಿಲ್ಲ, ನಂಬೋರಿಗೆ ಮಾರ್ತೀವಿ ಅಂತ ಅವರೂ ಹೇಳಬಹುದಿತ್ತು. ಮಾರಲಿಲ್ಲ.

ಇನ್ನೊಂದು ಪ್ರಶ್ನೆ ಕೆಲವರದ್ದು: ಯಾಜಕಕಾಂಡ 11ರಲ್ಲಿ ಅಶುದ್ಧ ಪ್ರಾಣಿಗಳ ಪಟ್ಟಿ ಇದೆಯಲ್ಲ, ಗೂಬೆ ಬಾವಲಿ ಎಲ್ಲ ಕೆಟ್ಟವು ತಾನೇ? ಸರಿಯಾಗಿ ಓದ್ರಿ. ತಿನ್ನಬೇಡಿ, ಹೆಣ ಮುಟ್ಟಬೇಡಿ ಅಂತ ಇದೆ. ಅಪಶಕುನ ಅಂತ ಎಲ್ಲೂ ಇಲ್ಲ. ಶಕುನ ನೋಡೋದನ್ನೇ ಧರ್ಮೋಪದೇಶಕಾಂಡ 18 ಬೇಡ ಅಂತದೆ.

ಕಾನೂನಿನ ಮಾತೂ ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಪ್ಪುಹಂದಿ, ಕಾಡುಪಾಪ ಎರಡೂ ಮೊದಲನೇ ಅನುಸೂಚಿಯಲ್ಲಿವೆ. ಬೇಟೆ, ಮಾರಾಟ ಸಾಬೀತಾದ್ರೆ 3ರಿಂದ 7 ವರ್ಷ ಜೈಲು. ಮಣ್ಣುಮುಕ್ಕವನ್ನ ಹಿಡಿಯೋದು, ಮಾರೋದೂ ಅಪರಾಧವೇ. ನಾನು ಬರೀ ಫೋನ್ ನಂಬರ್ ಕೊಟ್ಟೆ ಅಂದ್ರೆ ಪೊಲೀಸರು ಬಿಡೋದಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಹೊಲದಲ್ಲಿ ಇಂಥದ್ದು ಕಂಡರೆ ಮುಟ್ಟಬೇಡಿ, ಜನ ಕೂಡಿಸಬೇಡಿ, ಜಾಗ ಹೇಳಿ ಸ್ಟೇಟಸ್ ಹಾಕಬೇಡಿ. ಅದರ ದಾರಿಗೆ ಅದನ್ನ ಬಿಡಿ. ಗಾಯ ಆಗಿದ್ರೆ, ಇಲ್ಲಾ ಯಾರಾದ್ರೂ ಹಿಡಿದಿಟ್ಟಿದ್ರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಅಪ್ಪ ಅವ್ವನಿಗೂ ಇದನ್ನ ಹೇಳಿರಿ, ಬಾಲ ಯಾವುದು ತಲೆ ಯಾವುದು ಅನ್ನೋದನ್ನೂ ಸೇರಿಸಿ.

ಮುಂದಿನ ವಾರ ಯೋಬ 40. ಅಲ್ಲಿ ಬೆಹೇಮೋತ್ ಬರ್ತದೆ. ಓದಿಕೊಂಡು ಬನ್ನಿ, ಅದು ಯಾವ ಪ್ರಾಣಿ ಅಂತ ನಿಮ್ಮನ್ನೇ ಕೇಳ್ತೀನಿ.