ಅತಿಥಿ ತಂಡದ ದಿನಚರಿ: ಕರ್ಲಿಂಗ್ ಪ್ರವಾಸದಲ್ಲಿ ಕಲಿತದ್ದು

ಕೆನಡಾದ ಆಲ್ಬರ್ಟಾದಲ್ಲಿ ನೆಲೆಸಿ, ಅಲ್ಲಿನ ಉದ್ದನೆಯ ಚಳಿಗಾಲದಲ್ಲಿ ಕರ್ಲಿಂಗ್ ಕಲಿತವನು ನಾನು. ಐಸ್ ಹಾಸಿನ ಮೇಲೆ ಗ್ರಾನೈಟ್ ಕಲ್ಲನ್ನು ಜಾರಿಸಿ, ಆ ತುದಿಯಲ್ಲಿ ಬರೆದ ವೃತ್ತಗಳ ನಡುವಿಗೆ ತಲುಪಿಸುವ ಆಟ ಇದು. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಎರಡೂ ಕಡೆಯ ಹದಿನಾರು ಕಲ್ಲು ಮುಗಿದರೆ ಒಂದು ಎಂಡ್. ನಮ್ಮ ಕ್ಲಬ್ಬಿನವರೊಂದಿಗೆ ಸ್ಕಾಟ್ಲೆಂಡಿಗೆ ಸ್ನೇಹಪಂದ್ಯಗಳ ಪ್ರವಾಸ ಹೋದಾಗ ದಿನಗಳು ಹೆಚ್ಚುಕಮ್ಮಿ ಒಂದೇ ಕ್ರಮದಲ್ಲಿ ನಡೆದವು: ಬೆಳಿಗ್ಗೆ ಬಸ್ಸು, ಒಂದು ಪಂದ್ಯ, ಆತಿಥೇಯರೊಂದಿಗೆ ಊಟ, ಮತ್ತೆ ಬಸ್ಸು, ಸಂಜೆ ಇನ್ನೊಂದು ಪಂದ್ಯ, ರಾತ್ರಿ ಭೋಜನಕೂಟ. ಮುಂದೆ ಇಂಥ ತಂಡ ಸೇರುವವರಿಗಾಗಿ ಈ ಮಾತುಗಳು.

1. ಸ್ನೇಹಪಂದ್ಯವೆಂದು ಸಡಿಲವಾಗಿ ಆಡಬೇಡಿ.
ಈ ಪ್ರವಾಸಗಳಿಗೆ ದಾರಿ ಹಾಕಿದ್ದು 1902ರ ಕೊನೆಯಲ್ಲಿ ಕೆನಡಾಕ್ಕೆ ಹಡಗು ಹತ್ತಿದ ಸ್ಕಾಟಿಷ್ ತಂಡ. ಪಾದ್ರಿ ಜಾನ್ ಕೆರ್ ಅದರ ನಾಯಕರು. ಆ ಪ್ರವಾಸದ ಕಥೆಯನ್ನು ಅವರು 1904ರಲ್ಲಿ ದೊಡ್ಡ ಪುಸ್ತಕವಾಗಿಯೇ ತಂದರು. ಆ ಪ್ರವಾಸದ ಸಂದರ್ಭದಲ್ಲಿ ಲಾರ್ಡ್ ಸ್ಟ್ರಾತ್ಕೋನಾ ಕೊಟ್ಟ ಕಪ್ಪಿಗಾಗಿ ಎರಡು ದೇಶಗಳು ಇಂದಿಗೂ ಆಡುತ್ತಿವೆ. ಅಲ್ಲಿ ಎಣಿಸುವುದು ಗೆದ್ದ ಪಂದ್ಯಗಳನ್ನಲ್ಲ, ಇಡೀ ಪ್ರವಾಸದಲ್ಲಿ ಗಳಿಸಿದ ಒಟ್ಟು ಅಂಕಗಳನ್ನು. ಹಲವು ಕ್ಲಬ್ ಪ್ರವಾಸಗಳೂ ಇದೇ ಲೆಕ್ಕ ಹಿಡಿಯುತ್ತವೆ. ಹಾಗಾಗಿ ಆರು ಅಂಕ ಹಿಂದಿದ್ದರೂ ಕೊನೆಯ ಕಲ್ಲಿಗೆ ಬೆಲೆ ಇದೆ. ಮನೆಗೆ ಬಂದವರು ಎಂದು ಅವರು ಬಿಟ್ಟುಕೊಡುವುದಿಲ್ಲ, ನಾವೂ ಸಂಕೋಚಕ್ಕೆ ಬಿಟ್ಟುಕೊಡಬಾರದು. ಕರೆದವರಿಗೆ ಅತಿಥಿ ತೋರಿಸಬಹುದಾದ ಮೊದಲ ಗೌರವ ಮನಸ್ಸಿಟ್ಟು ಆಡುವುದೇ ಎಂದು ನಾನು ನಂಬಿದ್ದೇನೆ.

2. ಐಸ್ ಶೂಗಳನ್ನು ಕೈಯಲ್ಲಿ ಹಿಡಿದು ಒಳಗೆ ಹೋಗಿ.
ಹೊರಗಿನ ಒಂದು ಮರಳಿನ ಕಾಳು ಕಲ್ಲಿನ ದಾರಿಯನ್ನೇ ತಪ್ಪಿಸುತ್ತದೆ. ಕಲ್ಲಿನ ಮುಂದೆ ಐಸ್ ಉಜ್ಜುವ ಬ್ರಷ್ಷಿನ ಬಟ್ಟೆಯೂ ಶುಚಿಯಾಗಿರಲಿ.

3. ಪ್ರತಿ ಊರಿನ ಐಸನ್ನೂ ಹೊಸದಾಗಿ ಓದಿ.
ಪರ್ತ್‌ನಲ್ಲಿ ಕಲಿತ ಲೆಕ್ಕ ಲಾಕರ್ಬಿಯಲ್ಲಿ ನಡೆಯುವುದಿಲ್ಲ. ಕರ್ಲಿಂಗ್ ಐಸ್ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುವ ಹಾಗೆ ಅದರ ಮೇಲೆ ಸಣ್ಣ ಹನಿಗಳನ್ನು ಉದುರಿಸಿ ಹೆಪ್ಪುಗಟ್ಟಿಸಿರುತ್ತಾರೆ. ಅದೇ ಪೆಬಲ್. ಹದಿನೇಳು ಕಿಲೋಗೂ ಹೆಚ್ಚು ತೂಗುವ ಕಲ್ಲು ಈ ಹರಳುಗಳ ತಲೆಯ ಮೇಲೆ ಜಾರುತ್ತದೆ. ಆಟ ಸಾಗಿದಂತೆ ಪೆಬಲ್ ಸವೆಯುತ್ತದೆ, ಅದರೊಂದಿಗೆ ಐಸಿನ ವೇಗವೂ ಬದಲಾಗುತ್ತದೆ.

ಅಭ್ಯಾಸಕ್ಕೆ ಸಿಗುವುದು ಕೆಲವೇ ಕಲ್ಲು. ಅವನ್ನು ವೃತ್ತದ ನಡುವಿಗೆ ಇಟ್ಟು ಖುಷಿಪಡುವುದಕ್ಕೆ ಖರ್ಚು ಮಾಡಬೇಡಿ. ಹಿಡಿಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ ಬಿಟ್ಟು, ಯಾವ ಬದಿಯಲ್ಲಿ ಎಷ್ಟು ಬಾಗುತ್ತದೆ ಎಂದು ನೋಡಿ. ಒಬ್ಬರು ಸ್ಟಾಪ್‌ವಾಚ್ ಹಿಡಿಯಲಿ. ವೃತ್ತದಲ್ಲಿ ನಿಲ್ಲುವ ಕಲ್ಲು ಈ ತುದಿಯ ಹಾಗ್ ಲೈನಿನಿಂದ (ಕಲ್ಲನ್ನು ಕೈಬಿಡಬೇಕಾದ ಗೆರೆ) ಆ ತುದಿಯ ಹಾಗ್ ಲೈನಿಗೆ ಹೋಗಲು 14 ಸೆಕೆಂಡ್ ತೆಗೆದುಕೊಂಡರೆ ಐಸ್ ಚುರುಕು, 12 ಆದರೆ ಮಂದ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಚುರುಕಾದ ಐಸಿನ ಮೇಲೆ ಮೆಲ್ಲಗೆ ಬಿಟ್ಟ ಕಲ್ಲೂ ಗುರಿ ಮುಟ್ಟುತ್ತದೆ, ಅದಕ್ಕೇ ಹೆಚ್ಚು ಸಮಯ.

ಇನ್ನೂ ಸುಲಭದ ದಾರಿ ಎದುರಾಳಿಯನ್ನೇ ಕೇಳುವುದು. "ಆ ಗೋಡೆಯ ಕಡೆ ಸ್ವಲ್ಪ ಜಾಸ್ತಿ ಬಾಗುತ್ತದೆ, ನೋಡಿಕೊಳ್ಳಿ" ಎಂದು ನಾವು ಕೇಳುವ ಮೊದಲೇ ಹೇಳಿದ ಸ್ಕಿಪ್‌ಗಳಿದ್ದಾರೆ (ಸ್ಕಿಪ್ ಎಂದರೆ ನಾಲ್ವರ ತಂಡವನ್ನು ನಡೆಸುವವರು). ಅವರ ಕಲ್ಲುಗಳ ಬಗ್ಗೆಯೂ ವಿಚಾರಿಸಿ. ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟನ್ನು ಮಾಕ್ಲಿನ್ ಊರಿನಲ್ಲಿ ಕಡೆದು ಮಾಡಿದ ಕಲ್ಲುಗಳು ಲೋಕಪ್ರಸಿದ್ಧ. ಆ ನಾಡಿನವರು ಅದನ್ನು ಹೇಳುವಾಗ ಮುಖ ಅರಳುತ್ತದೆ, ಕೇಳುತ್ತಾ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

4. ಅಂಪೈರ್ ಇಲ್ಲದ ಆಟಕ್ಕೆ ಸಿದ್ಧರಾಗಿ.
ಬ್ಯಾಗ್‌ಪೈಪ್ ನುಡಿಸುವವರ ಹಿಂದೆ ಸಾಲಾಗಿ ಐಸಿಗೆ ಇಳಿದು, ಎದುರಾಳಿಗಳೆಲ್ಲರ ಕೈಕುಲುಕಿ ಆಟ ಶುರುಮಾಡುತ್ತೇವೆ. ಆಮೇಲೆ ನ್ಯಾಯ ನಮ್ಮ ಕೈಯಲ್ಲೇ. ಚಲಿಸುವ ಕಲ್ಲಿಗೆ ನಿಮ್ಮ ಬ್ರಷ್ ತಾಗಿದರೆ, ಯಾರೂ ನೋಡಿರದಿದ್ದರೂ, ನೀವೇ ಬಾಯಿಬಿಟ್ಟು ಹೇಳಬೇಕು. ಎಂಡ್ ಮುಗಿದಾಗ ಎರಡೂ ತಂಡಗಳಲ್ಲಿ ಮೂರನೆಯವರಾಗಿ ಕಲ್ಲು ಬಿಡುವ ಥರ್ಡ್ ಆಟಗಾರರು ನೋಡಿ ಅಂಕ ಒಪ್ಪಿಕೊಳ್ಳುತ್ತಾರೆ. ಅವರು ಒಪ್ಪುವ ತನಕ ಉಳಿದವರು ವೃತ್ತದೊಳಗೆ ಕಾಲಿಡಬಾರದು. ಎದುರಾಳಿಯ ಕಲ್ಲು ಎಡವಿದಾಗ ಚಪ್ಪಾಳೆ ತಟ್ಟುವುದು ಇಲ್ಲಿ ಸಲ್ಲದು. ಒಳ್ಳೆಯ ಕಲ್ಲು ಯಾರದ್ದಾದರೂ ಹೊಗಳಿ.

5. ಊಟದ ಮೇಜು ಆಟದ್ದೇ ಭಾಗ.
ಗೆದ್ದವರು ಮೊದಲ ಸುತ್ತಿನ ಪಾನೀಯ ಕೊಡಿಸುತ್ತಾರೆ, ಸೋತವರು ಎರಡನೆಯದನ್ನು. ಎರಡೂ ತಂಡದವರು ಒಂದೇ ಮೇಜಿನ ಸುತ್ತ ಬೆರೆತು ಕೂರುತ್ತಾರೆ. ನಮ್ಮವರ ಪಕ್ಕವೇ ನಾವು ಕೂತುಬಿಟ್ಟರೆ ಅಷ್ಟು ದೂರ ಹೋದದ್ದಕ್ಕೆ ಅರ್ಥವಿಲ್ಲ. ಕುಡಿಯದವರು ಕಿತ್ತಳೆ ರಸ ಹಿಡಿದು ಕೂತರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಆದರೆ ಎದ್ದುಹೋಗಬಾರದು. ಸಸ್ಯಾಹಾರಿಗಳು ಪ್ರವಾಸಕ್ಕೆ ಮುಂಚೆಯೇ ತಿಳಿಸಿಬಿಡಿ. ಕುರಿಮಾಂಸದ ಹ್ಯಾಗಿಸ್ ಎಂಬ ಅಲ್ಲಿನ ಖಾದ್ಯಕ್ಕೆ ಬದಲಾಗಿ ಬೇಳೆಕಾಳು, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಅಲ್ಲಿ ಸಿಗುತ್ತದೆ, ಮೆಣಸಿನ ಖಾರವೂ ಇರುತ್ತದೆ. ಕೊನೆಯ ಗಳಿಗೆಯಲ್ಲಿ ಹೇಳಿದರೆ ಅಡುಗೆಮನೆಯವರು ಪೇಚಾಡುತ್ತಾರೆ.

6. ಸಂಜೆಯ ಆಟಕ್ಕೆ ಭುಜ ಉಳಿಸಿಕೊಳ್ಳಿ.
ಮೊದಲು ಕಲ್ಲು ಬಿಡುವ ಲೀಡ್ ಆಟಗಾರ ಎಂಡಿಗೆ ಆರು ಕಲ್ಲುಗಳ ಮುಂದೆ ಬ್ರಷ್ ಹಿಡಿದು ಓಡುತ್ತಾನೆ. ಎಂಟು ಎಂಡ್‌ಗೆ ನಲವತ್ತೆಂಟು. ದಿನಕ್ಕೆ ಎರಡು ಪಂದ್ಯವಿದ್ದರೆ ಅದು ದುಪ್ಪಟ್ಟು. ಸ್ಕಿಪ್ ಆದವರು ಬೆಳಿಗ್ಗೆಯೂ ಸಂಜೆಯೂ ಒಬ್ಬರನ್ನೇ ಲೀಡ್ ಮಾಡದೆ, ಜಾಗ ಬದಲಿಸಿ ಆಡಿಸಬೇಕು. ತಂಡದ ಹಿರಿಯರಿಗೆ ಇದು ಇನ್ನೂ ಮುಖ್ಯ.

7. ಪಿನ್ನುಗಳನ್ನು ಧಾರಾಳವಾಗಿ ಒಯ್ಯಿರಿ.
ಕ್ಲಬ್ಬಿನ ಲಾಂಛನದ ಪಿನ್ ಬದಲಾಯಿಸಿಕೊಳ್ಳುವುದು ಹಳೆಯ ರೂಢಿ. ಎದುರು ಆಡಿದ ನಾಲ್ವರಿಗೆ ಕೊಟ್ಟು ಮುಗಿಸಬೇಡಿ. ನಸುಕಿಗೇ ಎದ್ದು ಪೆಬಲ್ ಹಾಕಿದವರಿಗೆ, ಬಡಿಸಿದವರಿಗೆ, ಬಸ್ಸಿನ ಚಾಲಕರಿಗೂ ಕೊಡಿ. ನಾಯಕರು ರಾತ್ರಿಯ ಭಾಷಣದಲ್ಲಿ ಇವರನ್ನೆಲ್ಲ ಹೆಸರು ಹಿಡಿದು ನೆನೆಯಬೇಕು. ಹೆಸರುಗಳನ್ನು ಮಧ್ಯಾಹ್ನವೇ ಕೇಳಿ ಬರೆದಿಟ್ಟುಕೊಳ್ಳಿ. ಅವರು ನಮ್ಮೂರಿಗೆ ಬರುವ ಸರದಿ ಬಂದಾಗ ಆ ಪಟ್ಟಿಯೇ ಆಹ್ವಾನದ ಪಟ್ಟಿಯಾಗುತ್ತದೆ. ಯಾರ ಮನೆಯಲ್ಲಿ ಯಾರು ಉಳಿಯಬೇಕು ಎಂಬ ಮಾತು ಬಸ್ಸಿನಲ್ಲೇ ಶುರುವಾಗಲಿ.